ಸೀರೆ ಅಂಗಡಿಯ ವಿಡಿಯೊ ಅಡ್ಡ ತೆಗೆಸಬೇಕಾ, ವರ್ಟಿಕಲ್ ತೆಗೆಸಬೇಕಾ? ಇನ್‌ಸ್ಟಾ, ಯೂಟ್ಯೂಬ್, ವಾಟ್ಸಾಪ್ ಎಲ್ಲಕ್ಕೂ ಒಂದೇ ಸೈಜ್ ನಡೆಯುತ್ತಾ?

ಇಳಕಲ್_ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮದು ಇಳಕಲ್‌ನಲ್ಲಿ ಸೀರೆ ವ್ಯಾಪಾರ. ಮಾವನವರ ಕಾಲದಿಂದ ಅಂಗಡಿ ಇದೆ, ಹಿಂದುಗಡೆ ಮಗ್ಗಗಳೂ ಇವೆ. ಆನ್‌ಲೈನ್ ಕೆಲಸ ನೋಡಿಕೊಳ್ಳುವುದು ನಾನು. ಜನ ನಮ್ಮನ್ನು ಮೊದಲು ನೋಡುವುದು ಇನ್‌ಸ್ಟಾಗ್ರಾಮ್‌ನಲ್ಲಿ, ಆರ್ಡರ್ ಕೊಡುವುದು ವಾಟ್ಸಾಪ್‌ನಲ್ಲಿ. ಯೂಟ್ಯೂಬ್ ಚಾನೆಲ್ ಈಗಷ್ಟೇ ಶುರು ಮಾಡಿದ್ದೇವೆ.

ಹಬ್ಬದ ಸೀಸನ್‌ಗೆ ಅಂತ ಒಬ್ಬ ವಿಡಿಯೊಗ್ರಾಫರ್ ಕರೆಸಿದೆವು. ಕೆಲಸ ಚೆನ್ನಾಗಿದೆ, ಬೆಳಕು ಚೆನ್ನಾಗಿದೆ. ಆದರೆ ಪೂರ್ತಿ 16:9 (ಅಗಲ 16 ಪಾಲು, ಎತ್ತರ 9 ಪಾಲು, ಅಂದರೆ ಅಡ್ಡ), ಅದೂ 1080ರಲ್ಲಿ ತೆಗೆದಿದ್ದಾರೆ. ಅಂಗಡಿಯ ಟಿವಿಗೆ ಹಾಕಿದರೆ ಕಣ್ಣಿಗೆ ಹಬ್ಬ. ರೀಲ್ಸ್‌ಗೆ ಹಾಕಿದರೆ ಮೇಲೂ ಕಪ್ಪು, ಕೆಳಗೂ ಕಪ್ಪು, ನಡುವೆ ಸಣ್ಣ ಪಟ್ಟಿಯಲ್ಲಿ ಸೀರೆ. "ರೀಲ್ಸ್ ಸೈಜ್‌ಗೆ ಮಾಡಿಕೊಡಿ" ಅಂದರೆ ಬೇರೆ ದುಡ್ಡು ಕೇಳುತ್ತಿದ್ದಾರೆ. ದುಡ್ಡಿನ ಮಾತು ಆಮೇಲೆ, ಸ್ಯಾಂಪಲ್ ಅಂತ ಕಳಿಸಿದ ಕ್ಲಿಪ್‌ನಲ್ಲಿ ಸೆರಗಿನ ಎರಡೂ ದಡಿ ಕಟ್ ಆಗಿಹೋಗಿದೆ! ಗೋಪುರದಂಥ ವಿನ್ಯಾಸದ ಟೋಪ್ ತೆನಿ ಸೆರಗು ಪೂರ್ತಿ ಕಾಣದಿದ್ದರೆ ಅದು ಇಳಕಲ್ ಸೀರೆ ಅಂತ ನೋಡುವವರಿಗೆ ಗೊತ್ತಾಗುವುದಾದರೂ ಹೇಗೆ?

ಮುಂದಿನ ಶೂಟ್ ಹತ್ತಿರ ಬಂದಿದೆ. ಏನು ಹೇಳಿ ತೆಗೆಸಲಿ? ಒಬ್ಬರು 9:16 ಅನ್ನುತ್ತಾರೆ, ಇನ್ನೊಬ್ಬರು 4:5, ಮತ್ತೊಬ್ಬರು ಚೌಕ. ಎಲ್ಲ ಕಡೆ ನಡೆಯುವ ಒಂದು ಸೈಜ್ ಇದ್ದರೆ ಹೇಳಿ.

ಸುಮ್ನೆ_ಓದುವವ

9:16. ಇದರಲ್ಲಿ ಯೋಚನೆ ಮಾಡಲಿಕ್ಕೆ ಏನಿದೆ? ಈಗ ಎಲ್ಲರೂ ಫೋನ್‌ನಲ್ಲೇ ನೋಡುವುದು.

ಕತ್ತರಿ_ಬಸು

ಅಕ್ಕಾ, ನಾನು ಹುಬ್ಬಳ್ಳಿಯಲ್ಲಿ ಎಡಿಟಿಂಗ್ ಮಾಡುತ್ತೇನೆ. ಇಂಥ ಫೈಲ್ ದಿನಾ ಬರುತ್ತವೆ. ಶೂಟ್ ಮುಗಿದ ಮೇಲೆ "ರೀಲ್ಸ್‌ಗೂ ಮಾಡಿಕೊಡಿ" ಅನ್ನುವುದು, ಅಂಗಿ ಹೊಲಿಸಿದ ಮೇಲೆ ಅಳತೆ ಕೊಟ್ಟ ಹಾಗೆ. ಆ ವಿಡಿಯೊಗ್ರಾಫರ್ ಮೇಲೆ ಪೂರ್ತಿ ತಪ್ಪು ಹೊರಿಸಲಾರೆ, ಎಲ್ಲಿಗೆ ಬೇಕು ಅಂತ ಮೊದಲೇ ಕೇಳಬೇಕಿತ್ತು ಅನ್ನುವುದಂತೂ ನಿಜ.

ದಡಿ ಯಾಕೆ ಹೋಯಿತು ಅಂತ ಲೆಕ್ಕ ಹೇಳುತ್ತೇನೆ ನೋಡಿ. 1920 x 1080ರ ಅಡ್ಡ ಫ್ರೇಮ್‌ನಲ್ಲಿ ಎತ್ತರ ಪೂರ್ತಿ ಇಟ್ಟುಕೊಂಡು 9:16 ಕತ್ತರಿಸಿದರೆ ಅಗಲ ಬರೀ 607 ಪಿಕ್ಸೆಲ್ ಸಿಗುತ್ತದೆ. ಅಂದರೆ ತೆಗೆದದ್ದರಲ್ಲಿ ಮೂರನೇ ಒಂದು ಪಾಲೂ ಉಳಿಯಲಿಲ್ಲ. ಆ 607ನ್ನು ಎಳೆದು 1080 ಮಾಡಬೇಕು, ಹಾಗಾಗಿ ಮಂಜಾಗುತ್ತದೆ. ನೇಯ್ಗೆಯ ಎಳೆ ಕಾಣಬೇಕಾದ ವಿಡಿಯೊದಲ್ಲಿ ಹೀಗಾದರೆ ಮುಗೀತು.

4Kಯಲ್ಲಿ ತೆಗೆದಿದ್ದರೆ ಕಥೆ ಬೇರೆ ಇರುತ್ತಿತ್ತು. 3840 x 2160ರಲ್ಲಿ 9:16 ಕತ್ತರಿಸಿದರೂ 1215 x 2160 ಸಿಗುತ್ತದೆ. ರೀಲ್ಸ್‌ಗೆ ಬೇಕಾದ್ದು 1080 x 1920 ಅಷ್ಟೇ. ಧಾರಾಳವಾಗಿ ಸಾಕು.

ಜಾಹೀರಾತು_ಜಯನಗರ

ಬಸು ಅವರೇ, ಪಿಕ್ಸೆಲ್ ಸಾಕಾಗುತ್ತದೆ ಅನ್ನುವುದು ಒಪ್ಪಿದೆ. ಆದರೆ ಚಿತ್ರ ಸಾಕಾಗುತ್ತದಾ? 4K ಆದರೂ ಅಷ್ಟೇ, 8K ಆದರೂ ಅಷ್ಟೇ, ಅಡ್ಡ ಫ್ರೇಮ್‌ನ ಎರಡು ಪಾಲು ಹೋಗುವುದು ಹೋಗಿಯೇ ಹೋಗುತ್ತದೆ. "4Kಯಲ್ಲಿ ತೆಗೆದುಬಿಡಿ, ಆಮೇಲೆ ನೋಡಿಕೊಳ್ಳೋಣ" ಅನ್ನುವುದು ಸೋಮಾರಿತನದ ಸಲಹೆ, ಬೇಜಾರಾಗಬೇಡಿ. ನಾನು ಬೆಂಗಳೂರಲ್ಲಿ ಸಣ್ಣ ವ್ಯಾಪಾರಗಳ ಆ್ಯಡ್ ನೋಡಿಕೊಳ್ಳುತ್ತೇನೆ. ಹೀಗೆ ಕತ್ತರಿಸಿ ಮಾಡಿದ ಆ್ಯಡ್‌ನಲ್ಲಿ ವಸ್ತು ಯಾವಾಗಲೂ ಇಕ್ಕಟ್ಟಾಗಿ ಕಾಣುತ್ತದೆ.

ಫೋನ್‌ನಲ್ಲಿ ಜಾಗದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಈಗಿನ ಬಹಳ ಫೋನ್‌ಗಳ ಪರದೆ 20:9, ಅಂದರೆ 1080 ಅಗಲ, 2400 ಎತ್ತರ. ಫೋನ್ ನೆಟ್ಟಗೆ ಹಿಡಿದಾಗ 16:9 ವಿಡಿಯೊ ಅದರಲ್ಲಿ ಕಾಲು ಭಾಗ ಮಾತ್ರ ತುಂಬುತ್ತದೆ. 4:5 ಅರ್ಧಕ್ಕಿಂತ ಜಾಸ್ತಿ. 9:16 ಹತ್ತಿರ ಹತ್ತಿರ ಶೇ. 80. ಯಾರೂ ನಿಮ್ಮ ಸೀರೆಗೋಸ್ಕರ ಫೋನ್ ತಿರುಗಿಸುವುದಿಲ್ಲ. ಬೆರಳು ಸರಿಸಿ ಮುಂದೆ ಹೋಗುತ್ತಾರೆ.

ಕತ್ತರಿ_ಬಸು

ಸೋಮಾರಿತನ ಅಂದಿರಲ್ಲ ಸರ್, ಒಂದೇ ದಿನದ ಬಜೆಟ್ ಇರುವ ಅಂಗಡಿಯವರು ಎರಡೆರಡು ಸಲ ಶೂಟ್ ಮಾಡಿಸಲಿಕ್ಕೆ ಆಗುತ್ತದಾ? 4K ಅಡ್ಡ ತೆಗೆಯುವಾಗಲೇ ನಡುವಿನ ಮೂರನೇ ಒಂದು ಭಾಗದೊಳಗೆ ಮುಖ್ಯವಾದದ್ದನ್ನು ಇಟ್ಟುಕೊಂಡರೆ ಎರಡಕ್ಕೂ ಆಗುತ್ತದೆ. ಕ್ಯಾಮೆರಾದಲ್ಲಿ ಫ್ರೇಮ್ ಮಾರ್ಕರ್ (ಎಲ್ಲಿ ಕತ್ತರಿಸುತ್ತೇವೆ ಅಂತ ತೋರಿಸುವ ಗೆರೆ) ಇದ್ದರೆ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಮಾನಿಟರ್ ಮೇಲೆ ಎಡಕ್ಕೊಂದು ಬಲಕ್ಕೊಂದು ಕಪ್ಪು ಟೇಪ್ ಅಂಟಿಸಿದರೂ ನಡೆಯುತ್ತದೆ. ನಮ್ಮ ಕಡೆ ಕ್ಯಾಮೆರಾ ಹುಡುಗರು ಹಾಗೇ ಮಾಡುತ್ತಾರೆ.

ಜಾಹೀರಾತು_ಜಯನಗರ

ಒಬ್ಬರೇ ನಿಂತು ಮಾತಾಡುವ ಶಾಟ್‌ಗೆ ಸರಿ. ಹರಡಿದ ಸೆರಗಿಗೆ ಹೇಗೆ ನಡೆಯುತ್ತದೆ? ಸೆರಗನ್ನು ನಡುವಿನ ಮೂರನೇ ಒಂದು ಭಾಗದಲ್ಲಿ ಕೂರಿಸಿದರೆ ಅಡ್ಡ ವಿಡಿಯೊದಲ್ಲಿ ಎರಡೂ ಕಡೆ ಬರೀ ಗೋಡೆ. ಅದಕ್ಕೂ ಇಲ್ಲ, ಇದಕ್ಕೂ ಇಲ್ಲ.

ಮಲೆನಾಡ_ಮಳೆ

ನಮ್ಮದು ಚಿಕ್ಕಮಗಳೂರು ಕಡೆ ಹೋಂಸ್ಟೇ. ನಮಗೆ ಉಲ್ಟಾ ತಲೆನೋವು. ಬೆಟ್ಟದ ಸಾಲು, ಕಾಫಿ ತೋಟ, ಮಂಜು ಎಲ್ಲ ಅಡ್ಡಕ್ಕೇ ಚೆಂದ. ವರ್ಟಿಕಲ್‌ನಲ್ಲಿ ಬೆಟ್ಟದ ಒಂದು ತುಂಡು ಮಾತ್ರ ಸಿಗುತ್ತದೆ. ಆದರೂ ಬುಕಿಂಗ್ ಬರುವುದು ರೀಲ್ಸ್‌ನಿಂದಲೇ.

ನಾವು ಕೊನೆಗೆ ಏನು ತೆಗೆಯಬೇಕು ಅನ್ನುವುದನ್ನೇ ಬದಲಾಯಿಸಿದೆವು. ಬೆಟ್ಟ ಬಿಟ್ಟು ಸಿಲ್ವರ್ ಓಕ್ ಮರದ ಬುಡದಿಂದ ತುದಿವರೆಗೆ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಸಮೇತ. ಹೆಂಚಿನಿಂದ ಅಂಗಳಕ್ಕೆ ಬೀಳುವ ಮಳೆನೀರು. ಒಲೆ ಮೇಲಿನ ಕಡುಬಿನ ಪಾತ್ರೆ, ಮೇಲೇಳುವ ಹಬೆ. ಇವೆಲ್ಲ ಮೊದಲೇ ಉದ್ದಕ್ಕೆ ಇರುವಂಥವು, ವರ್ಟಿಕಲ್‌ನಲ್ಲಿ ಸಲೀಸಾಗಿ ಕೂರುತ್ತವೆ. ಬೆಟ್ಟದ ಸಾಲು ಯೂಟ್ಯೂಬ್‌ಗೆ ಮತ್ತು ವೆಬ್‌ಸೈಟ್‌ಗೆ ಅಡ್ಡಕ್ಕೇ ಉಳಿಯಿತು.

ಯೂಟ್ಯೂಬ್_ರೈತ

ಚೌಕ ತೆಗೆಯಿರಿ. 1:1 ಎಲ್ಲ ಕಡೆ ನಡೆಯುತ್ತದೆ. ಫೋನ್‌ನಲ್ಲೂ ಪರವಾಗಿಲ್ಲ, ಕಂಪ್ಯೂಟರ್‌ನಲ್ಲೂ ಪರವಾಗಿಲ್ಲ. ಇನ್‌ಸ್ಟಾ ಶುರುವಾಗಿದ್ದೇ ಚೌಕದಿಂದ ಅಲ್ವಾ?

ಜಾಹೀರಾತು_ಜಯನಗರ

ಶುರುವಾಗಿದ್ದು ಹೌದು, 2010ರಲ್ಲಿ. 2015ರ ಆಗಸ್ಟ್‌ನಲ್ಲೇ ಅವರು ಚೌಕದ ಕಡ್ಡಾಯ ಬಿಟ್ಟರು. 2025ರ ಜನವರಿಯಲ್ಲಿ ಪ್ರೊಫೈಲ್ ಪುಟದ ಚೌಕದ ಮನೆಗಳನ್ನೂ ತೆಗೆದು 3:4 ಮಾಡಿದರು. ಈಗ ಚೌಕದ ವಿಡಿಯೊ ಹಾಕಿದರೆ ಪ್ರೊಫೈಲ್‌ನಲ್ಲಿ ಅದರ ಪಕ್ಕಗಳೇ ಕಟ್ ಆಗುತ್ತವೆ.

ಯೂಟ್ಯೂಬ್‌ನಲ್ಲಿ ಚೌಕಕ್ಕೆ ಇನ್ನೂ ದೊಡ್ಡ ತೊಂದರೆ ಇದೆ. 2024ರ ಅಕ್ಟೋಬರ್ 15ರ ನಂತರ ಹಾಕಿದ ವಿಡಿಯೊ ಚೌಕವಾಗಿದ್ದರೆ ಅಥವಾ ಅಗಲಕ್ಕಿಂತ ಎತ್ತರ ಜಾಸ್ತಿ ಇದ್ದರೆ, ಮತ್ತು 3 ನಿಮಿಷದೊಳಗೆ ಇದ್ದರೆ, ಅದು ಶಾರ್ಟ್ಸ್‌ಗೆ ಸೇರುತ್ತದೆ. ನೀವು ಸಾಮಾನ್ಯ ವಿಡಿಯೊ ಅಂತ ಹಾಕಿದ್ದೇನೆ ಅಂದುಕೊಂಡಿರುತ್ತೀರಿ, ಯೂಟ್ಯೂಬ್ ಅದನ್ನು ಶಾರ್ಟ್ಸ್ ಮಾಡಿರುತ್ತದೆ. ಶಾರ್ಟ್ಸ್‌ನ ವಿವರಣೆಯಲ್ಲಿ, ಕಾಮೆಂಟ್‌ನಲ್ಲಿ ಕೊಟ್ಟ ಲಿಂಕ್ ಒತ್ತಿದರೆ ಏನೂ ತೆರೆಯುವುದಿಲ್ಲ, 2023ರ ಆಗಸ್ಟ್ ಕೊನೆಯಿಂದ ಅದನ್ನು ನಿಲ್ಲಿಸಿದ್ದಾರೆ. ವಾಟ್ಸಾಪ್ ಲಿಂಕ್ ಕೊಟ್ಟು ಆರ್ಡರ್ ತೆಗೆದುಕೊಳ್ಳುವ ಅಂಗಡಿಗೆ ಇದು ಸಣ್ಣ ವಿಷಯ ಅಲ್ಲ.

ಯೂಟ್ಯೂಬ್_ರೈತ

ಓಹೋ! ನಮ್ಮ ಅಡಿಕೆ ಸುಲಿಯುವ ಯಂತ್ರದ ವಿಡಿಯೊ ಶಾರ್ಟ್ಸ್‌ಗೆ ಹೋಗಿ ಕೂತಿದ್ದು ಯಾಕೆ ಅಂತ ಈಗ ತಿಳಿಯಿತು. ನೋಡಿದವರು ಬಹಳ, ಫೋನ್ ಮಾಡಿದವರು ಇಲ್ಲವೇ ಇಲ್ಲ. ಸರಿ, ಯೂಟ್ಯೂಬ್‌ಗೆ ಅಡ್ಡವೇ ಇಡುತ್ತೇನೆ. ಯಂತ್ರದ ವಿಡಿಯೊವನ್ನು ಜನ ಮನೆ ಟಿವಿಯಲ್ಲಿ ಹಾಕಿ ಕೂತು ನೋಡುತ್ತಾರೆ ಕೂಡ.

ಹಳೇ_ಟಾಕೀಸ್

ನಾನು ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸಿದವನು. ಈ ಜಗಳ ಹೊಸದಲ್ಲ. ಮೊದಲು ಸಿನಿಮಾವೂ ಹತ್ತಿರ ಹತ್ತಿರ 4:3 ಇತ್ತು. ಟಿವಿ ಬಂದಾಗ ಅದೂ 4:3 ಹಿಡಿದುಕೊಂಡಿತು. ಜನ ಮನೆಯಲ್ಲೇ ಕೂತರೆ ಥಿಯೇಟರ್ ಗತಿ ಏನು ಅಂತ 1953ರಲ್ಲಿ ಹಾಲಿವುಡ್‌ನವರು ಬಹಳ ಅಗಲದ ಸಿನಿಮಾಸ್ಕೋಪ್ ತಂದರು. ನಾವು ಸ್ಕೋಪ್ ಚಿತ್ರಕ್ಕೆ ಬೇರೆ ಲೆನ್ಸ್ ಹಾಕಬೇಕಿತ್ತು, ಪರದೆಯ ಎರಡೂ ಪಕ್ಕದ ಕಪ್ಪು ಬಟ್ಟೆ ಸರಿಸಬೇಕಿತ್ತು. ಆಮೇಲೆ ಎಚ್‌ಡಿ ಟಿವಿಗೆ ಅಂತ 4:3ಕ್ಕೂ ಸ್ಕೋಪ್‌ಗೂ ನಡುವಿನ ರಾಜಿಯಾಗಿ 16:9 ಬಂತು. ಎರಡರಲ್ಲಿ ಯಾವುದನ್ನು ತೋರಿಸಿದರೂ ಕಪ್ಪು ಪಟ್ಟಿ ಜಾಸ್ತಿ ಬರಬಾರದು ಅಂತ ಲೆಕ್ಕ ಹಾಕಿ ಆರಿಸಿದ ಅಳತೆ ಅದು.

ಅಂದರೆ ಒಂದೇ ಅಳತೆ ಎಲ್ಲ ಪರದೆಗೂ ಸರಿಹೋದದ್ದು ಯಾವತ್ತೂ ಇಲ್ಲ ತಾಯೀ. ಪರದೆ ನೋಡಿ ಚಿತ್ರ ತೆಗೆಯಬೇಕು.

ಸುಮ್ನೆ_ಓದುವವ

ಸರ್, ಟಾಕೀಸಿನ ಕಥೆಗೆ ಒಂದು ಬೇರೆ ಪೋಸ್ಟ್ ಹಾಕಿ, ಓದುತ್ತೇವೆ.

ಚೆಂಡೆಮದ್ದಳೆ

ಮಾರಾಯ್ರೇ, ನಮ್ಮ ಯಕ್ಷಗಾನದ ಪಾಡು ಕೇಳಿ. ಉಡುಪಿ ಕಡೆ ಈಗ ಆಟ ನೇರಪ್ರಸಾರ ಎಲ್ಲ ಅಡ್ಡಕ್ಕೆ ಮಾಡುತ್ತಾರೆ. ಅದು ಸರಿ. ರಂಗಸ್ಥಳ, ಹಿಂದೆ ಭಾಗವತರು, ಚೆಂಡೆ, ಮದ್ದಳೆ ಎಲ್ಲ ಒಂದೇ ಫ್ರೇಮ್‌ನಲ್ಲಿ ಬೇಕಲ್ಲ. ಆಮೇಲೆ ಯಾರೋ ಅದರಲ್ಲಿ ಒಂದು ತುಂಡು ತೆಗೆದು ವರ್ಟಿಕಲ್ ಮಾಡಿ ಹಾಕುತ್ತಾರೆ. ವೇಷಧಾರಿ ಧೀಂಗಿಣ (ಗಿರಗಿರ ಸುತ್ತುವ ಕುಣಿತ) ಹೊಡೆಯುತ್ತಾ ಒಂದು ಸುತ್ತಿನಲ್ಲಿ ಫ್ರೇಮ್ ಒಳಗೆ, ಮುಂದಿನ ಸುತ್ತಿನಲ್ಲಿ ಹೊರಗೆ. ಉಳಿಯುವುದು ಬರೀ ಪರದೆ.

ಈಗ ಆ್ಯಪ್‌ಗಳು ಮುಖ ಹಿಡಿದು ಫ್ರೇಮ್ ಅನ್ನು ತಾನೇ ಸರಿಸುತ್ತವೆ ಅನ್ನುತ್ತಾರೆ. ಮುಖವರ್ಣಿಕೆ ಹಾಕಿದ ಮುಖ ಅದಕ್ಕೆ ಸಿಗುವುದೇ ಇಲ್ಲ. ಪಕ್ಕದಲ್ಲಿ ಕೂತ ಭಾಗವತರ ಮುಖ ಹಿಡಿದು ನಿಲ್ಲುತ್ತದೆ! ನಾವೀಗ ಸಭೆಯ ಪಕ್ಕದಲ್ಲಿ ಒಬ್ಬ ಹುಡುಗನನ್ನು ಫೋನ್ ನೆಟ್ಟಗೆ ಹಿಡಿದು ನಿಲ್ಲಿಸುತ್ತೇವೆ. ವರ್ಟಿಕಲ್‌ಗೆ ಬೇಕಾದ್ದು ಅವನೇ ತೆಗೆಯುತ್ತಾನೆ. ಬೇರೆ ಕ್ಯಾಮೆರಾ, ಬೇರೆ ಕಣ್ಣು.

ಕತ್ತರಿ_ಬಸು

ಚೆಂಡೆಯವರು ಹೇಳಿದ್ದು ನಿಜವಾಗಿ ಒಳ್ಳೇ ದಾರಿ. ದೊಡ್ಡ ಕ್ಯಾಮೆರಾ ಅಡ್ಡಕ್ಕೆ, ಜೊತೆಗೆ ಒಂದು ಒಳ್ಳೇ ಫೋನ್ ವರ್ಟಿಕಲ್‌ಗೆ. ಅಂಗಡಿಯವರಿಗೆ ಇದು ಎರಡು ಶೂಟ್‌ಗಿಂತ ಅಗ್ಗ. ಜಯನಗರ ಸರ್ ಮಾತೂ ಉಳಿಯಿತು, ನನ್ನ ಬಜೆಟ್ ಮಾತೂ ಉಳಿಯಿತು.

ಫೋನ್‌ನಲ್ಲಿ ಎಕ್ಸ್‌ಪೋಷರ್ (ಬೆಳಕಿನ ಸೆಟ್ಟಿಂಗ್), ವೈಟ್ ಬ್ಯಾಲೆನ್ಸ್ (ಬಿಳಿ ಬಣ್ಣದ ಸೆಟ್ಟಿಂಗ್) ಲಾಕ್ ಮಾಡಿಕೊಳ್ಳಿ. ಇಲ್ಲದಿದ್ದರೆ ಸೀರೆ ಸರಿದಾಗಲೆಲ್ಲ ಬಣ್ಣ ಬದಲಾಗುತ್ತದೆ. ಕೆಂಪು ಸೆರಗು ಒಮ್ಮೆ ಕಿತ್ತಳೆ, ಒಮ್ಮೆ ಗುಲಾಬಿ.

ಸೀರೆಪ್ರಿಯೆ_ಟೆಕ್ಸಾಸ್

ನಾನು ಮಾರುವವಳಲ್ಲ, ಕೊಳ್ಳುವವಳು. ಊರು ಗದಗ, ಈಗ ಅಮೆರಿಕದಲ್ಲಿದ್ದೇನೆ. ಇಳಕಲ್ ಸೀರೆ ತರಿಸುವುದು ಫೋನ್‌ನಲ್ಲಿ ನೋಡಿಯೇ. ಹಾಗಾಗಿ ಕೊಳ್ಳುವವರ ಕಡೆಯಿಂದ ಸ್ವಲ್ಪ ಹೇಳುತ್ತೇನೆ.

ರೀಲ್‌ನಲ್ಲಿ ನನಗೆ ಮೊದಲು ಬೇಕಾಗಿದ್ದು ಉಟ್ಟಾಗ ಹೇಗೆ ಕಾಣುತ್ತದೆ ಅನ್ನುವುದು. ಹೆಗಲಿನಿಂದ ನೆರಿಗೆ ತುದಿವರೆಗೆ. ಅದು ವರ್ಟಿಕಲ್‌ನಲ್ಲೇ ಚೆನ್ನಾಗಿ ಕಾಣುತ್ತದೆ. ಎರಡನೆಯದು ಹತ್ತಿರದಿಂದ ದಡಿ, ಮತ್ತು ಒಡಲಿಗೆ ಸೆರಗು ಸೇರುವ ಕೊಂಡಿ. ಒಡಲಿನ ಹಾಸಿನ ಎಳೆಗೂ ಸೆರಗಿನ ಹಾಸಿನ ಎಳೆಗೂ ಕುಣಿಕೆ ಹಾಕಿ ಸೇರಿಸಿದ ಆ ಗೆರೆ ಕಂಡರೆ ನನಗೆ ಧೈರ್ಯ ಬರುತ್ತದೆ. ಅದನ್ನು ತೋರಿಸುವ ವಿಡಿಯೊ ಬಹಳ ಕಡಿಮೆ! ಮೂರನೆಯದು ಸೆರಗು ಪೂರ್ತಿ, ಎರಡೂ ದಡಿ ಸಮೇತ.

ಇಷ್ಟವಾದರೆ ಅಕ್ಕನಿಗೆ ವಾಟ್ಸಾಪ್ ಮಾಡುತ್ತೇನೆ. ಅಲ್ಲಿಗೆ ಬಂದಾಗ ವಿಡಿಯೊ ಕಲಸಿಹೋಗಿರುತ್ತದೆ. ಅದಕ್ಕೂ ಏನಾದರೂ ಮಾಡಿ ದಯವಿಟ್ಟು.

ಇಳಕಲ್_ಸೊಸೆ

ಸೀರೆಪ್ರಿಯೆ ಅಕ್ಕಾ, ಕೊಂಡಿ ನೋಡುತ್ತೇನೆ ಅಂದಿರಲ್ಲ, ಮಾವನವರಿಗೆ ಓದಿ ಹೇಳಿದೆ. ಬಹಳ ಖುಷಿಪಟ್ಟರು. ಗಿರಾಕಿಗಳು ಅದನ್ನು ಕೇಳುವುದೇ ಇಲ್ಲ ಅಂತ ಅವರಿಗೆ ಬೇಜಾರಿತ್ತು.

ಈಗ ನನಗೆ ಉಳಿದ ಪ್ರಶ್ನೆ ಸೆರಗಿನದೇ. ಸೀರೆಯ ಅಗಲ ಒಂದು ಮೀಟರ್‌ಗಿಂತ ಜಾಸ್ತಿ. ಎರಡೂ ದಡಿ ಕಾಣಬೇಕು, ವರ್ಟಿಕಲ್ಲೂ ಆಗಬೇಕು ಅಂದರೆ ಹೇಗೆ? ನಾವು ಯಾವಾಗಲೂ ಗಾದಿ ಮೇಲೆ ಅಡ್ಡಕ್ಕೆ ಹರಡಿ ತೋರಿಸುತ್ತೇವೆ.

ಕತ್ತರಿ_ಬಸು

ಗಾದಿ ಬಿಡಿ, ಮೇಲಿಂದ ಇಳಿಬಿಡಿ. ಎತ್ತರದಲ್ಲಿ ಒಂದು ಕೋಲು ಕಟ್ಟಿ ಸೀರೆಯನ್ನು ಪೂರ್ತಿ ಅಗಲಕ್ಕೆ ಬಿಚ್ಚಿ ಇಳಿಬಿಟ್ಟರೆ ಎಡದಲ್ಲೊಂದು ದಡಿ, ಬಲದಲ್ಲೊಂದು ದಡಿ, ಎರಡೂ ನೆಟ್ಟಗೆ ಮೇಲಿಂದ ಕೆಳಗೆ ಬರುತ್ತವೆ. ನಡುವೆ ಒಡಲು, ಕೆಳಗೆ ಕೊಂಡಿ, ಅದರ ಕೆಳಗೆ ಸೆರಗು. ಸೀರೆ ತಾನಾಗೇ 9:16ರಲ್ಲಿ ಕೂತುಬಿಡುತ್ತದೆ. ದಡಿಯಿಂದ ದಡಿಗೆ ಫ್ರೇಮ್ ತುಂಬುವಷ್ಟು ಹತ್ತಿರ ಬನ್ನಿ, ಸಾಕು.

ಜಾಹೀರಾತು_ಜಯನಗರ

ತುಂಬಾ ಒಳ್ಳೆಯ ಐಡಿಯಾ ಬಸು. ಆದರೆ ಸೆರಗು ಫ್ರೇಮ್‌ನ ಕೆಳತುದಿಗೆ ಬಂತಲ್ಲ, ಅಲ್ಲೇ ಅಪಾಯ. ರೀಲ್ಸ್‌ನಲ್ಲಿ ಕೆಳಗೆ ಅಕೌಂಟ್ ಹೆಸರು, ಬರಹ, ಹಾಡಿನ ಹೆಸರು, ಬಲಗಡೆ ಲೈಕ್ ಮತ್ತು ಶೇರ್ ಗುಂಡಿಗಳು. ಆ್ಯಡ್ ಮಾಡಿದರೆ "ಈಗಲೇ ಖರೀದಿಸಿ" ಅನ್ನುವ ಬಟನ್ ಬೇರೆ. ರೀಲ್ಸ್ ಆ್ಯಡ್‌ಗೆ ಇನ್‌ಸ್ಟಾದ ಕಂಪನಿ ಮೆಟಾದವರದೇ ಸಲಹೆ ಇದೆ: ಮೇಲೆ ಶೇ. 14, ಕೆಳಗೆ ಶೇ. 35, ಎರಡೂ ಪಕ್ಕ ಶೇ. 6 ಖಾಲಿ ಬಿಡಿ ಅಂತ. 1920 ಎತ್ತರದಲ್ಲಿ ಕೆಳಗಿನ 670 ಪಿಕ್ಸೆಲ್ ನಿಮ್ಮದಲ್ಲ ಅಂತಲೇ ಅಂದುಕೊಳ್ಳಿ. ಟೋಪ್ ತೆನಿ ಪೂರ್ತಿ ಬರಹದ ಹಿಂದೆ ಮುಚ್ಚಿಹೋಗುತ್ತದೆ.

ಸೀರೆಯನ್ನು ತಲೆಕೆಳಗು ಮಾಡಿ. ಸೆರಗು ಮೇಲೆ, ಒಡಲು ಕೆಳಗೆ. ಬರಹ ಬಿದ್ದರೂ ಒಡಲಿನ ಮೇಲೆ ಬೀಳುತ್ತದೆ.

ಇಳಕಲ್_ಸೊಸೆ

ಅಯ್ಯೋ, ಅದು ಬೇಡ ಸರ್. ಸೆರಗು ಇಳಿಬಿದ್ದಿರಬೇಕು. ಮೇಲುಗಡೆ ಮಾಡಿದರೆ ನೋಡಿದ ಹೆಂಗಸರು ಒಂದೇ ಕ್ಷಣದಲ್ಲಿ ಇವರಿಗೆ ಸೀರೆ ಗೊತ್ತಿಲ್ಲ ಅಂದುಬಿಡುತ್ತಾರೆ. ನೇಯ್ದವರ ಎದುರು ಹಾಗೆ ನೇತುಹಾಕಲಿಕ್ಕೂ ನನಗೆ ಮನಸ್ಸಿಲ್ಲ.

ಸೀರೆಪ್ರಿಯೆ_ಟೆಕ್ಸಾಸ್

ಸರಿಯಾಗಿ ಹೇಳಿದಿರಿ. ತಲೆಕೆಳಗಾದ ಸೆರಗು ನೋಡಿದರೆ ನಾನಂತೂ ಮುಂದಕ್ಕೆ ಸರಿಸುತ್ತೇನೆ.

ಕತ್ತರಿ_ಬಸು

ಹಾಗಾದರೆ ಕೋಲನ್ನು ಇನ್ನೂ ಎತ್ತರಕ್ಕೆ ಕಟ್ಟಿ. ಸೆರಗಿನ ಕುಚ್ಚು ಫ್ರೇಮ್‌ನ ಮೂರರಲ್ಲಿ ಎರಡು ಭಾಗಕ್ಕೆ ಮುಗಿಯಲಿ. ಅದರ ಕೆಳಗೆ ಗೋಡೆ ಅಥವಾ ನೆಲ ಖಾಲಿ ಇರಲಿ, ಇನ್‌ಸ್ಟಾದ ಬರಹ ಅಲ್ಲಿ ಬೀಳಲಿ. ಮೇಲೆ ಒಡಲು ಫ್ರೇಮ್‌ನಿಂದ ಆಚೆ ಹೋದರೂ ಚಿಂತೆಯಿಲ್ಲ. ಪಕ್ಕದಲ್ಲಿ ಸ್ವಲ್ಪ ಗೋಡೆ ಕಾಣುವಷ್ಟು ಹಿಂದೆ ಸರಿಯಿರಿ, ಬಲಗಡೆ ಗುಂಡಿಗಳಿಗೆ ದಡಿ ಸಿಕ್ಕಬಾರದು. ಸೆರಗು, ಕೊಂಡಿ, ಒಡಲಿನ ಒಂದಿಷ್ಟು, ಮೂರೂ ಸಿಗುತ್ತವೆ.

ಇನ್ನೊಂದು ವಿಷಯ. ಬೆಲೆ, ಫೋನ್ ನಂಬರ್ ಎಲ್ಲಿ ಹಾಕಬೇಕು ಅಂತ ಎಲ್ಲರೂ ಕೇಳುತ್ತಾರೆ. ಅದೇ ರೀಲ್ ಫೀಡ್‌ನಲ್ಲಿ 4:5 ಆಗಿ ಕತ್ತರಿಸಿ ಕಂಡರೆ ಮೇಲೆ 285, ಕೆಳಗೆ 285 ಪಿಕ್ಸೆಲ್ ಹೋಗುತ್ತದೆ. ಪ್ರೊಫೈಲ್‌ನ 3:4ರಲ್ಲಿ 240, 240. ಇವೆಲ್ಲ ಕಳೆದರೆ ಮೇಲಿಂದ 300ಕ್ಕೂ 1240ಕ್ಕೂ ನಡುವಿನ ಜಾಗ ಎಲ್ಲ ಕಡೆಯೂ ಸುರಕ್ಷಿತ. ನಾನು ಎಡಿಟಿಂಗ್‌ನಲ್ಲಿ ಅಷ್ಟು ಭಾಗಕ್ಕೆ ಒಂದು ಚೌಕಟ್ಟಿನ ಪಿಎನ್‌ಜಿ (ಹಿಂದಿನದು ಕಾಣುವಂಥ ಪಾರದರ್ಶಕ ಚಿತ್ರ) ಮಾಡಿ ಮೇಲೆ ಇಟ್ಟುಕೊಂಡೇ ಕೆಲಸ ಮಾಡುತ್ತೇನೆ, ಕೊನೆಗೆ ತೆಗೆಯುತ್ತೇನೆ.

ಅಕ್ಷರ_ಪ್ರೇಮಿ

ಬರಹದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ವರ್ಟಿಕಲ್ ಫ್ರೇಮ್‌ನಲ್ಲಿ ಕನ್ನಡ ಬರೆಯುವುದು ಇಂಗ್ಲಿಷ್‌ನಷ್ಟು ಸಲೀಸಲ್ಲ. ನಮ್ಮ ಪದಗಳು ಉದ್ದ. "ಕೈಮಗ್ಗದಲ್ಲಿ ನೇಯ್ದದ್ದು" ಅಂತ ದೊಡ್ಡದಾಗಿ ಬರೆದರೆ ಒಂದು ಸಾಲು ತುಂಬಿಹೋಯಿತು. ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ಸಾಲುಗಳ ನಡುವೆ ಜಾಗ ಜಾಸ್ತಿ ಕೊಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಬರಹದ ಹಿಂದೆ ಬಣ್ಣದ ಪಟ್ಟಿ ಹಾಕುವ ಆ್ಯಪ್‌ಗಳಂತೂ ಒತ್ತಕ್ಷರವನ್ನು ಪಟ್ಟಿಯ ಹೊರಗೆ ಬಿಡುತ್ತವೆ.

ಅನೇಕ್ ಕನ್ನಡ ಫಾಂಟ್ ಬಳಸಿ ನೋಡಿ, ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಅದರಲ್ಲಿ ಅಕ್ಷರದ ಅಗಲ ಕಡಿಮೆ ಇರುವ ರೂಪವೂ ಇದೆ, ಸಣ್ಣ ಅಗಲದ ಫ್ರೇಮ್‌ಗೆ ಹೇಳಿ ಮಾಡಿಸಿದ್ದು. ಹಳೆಯ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಬೇಡಿ, ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ.

ಸುಮ್ನೆ_ಓದುವವ

ಬಾಲೂ ತಮ್ಮ ಫಾಂಟ್ ಕೂಡ ಚೆನ್ನಾಗಿದೆ.

ಅಕ್ಷರ_ಪ್ರೇಮಿ

ಚೆನ್ನಾಗಿದೆ, ಆದರೆ ದಪ್ಪ. ಸೀರೆಯ ನಾಜೂಕು ಕೆಲಸದ ಪಕ್ಕ ಭಾರ ಅನ್ನಿಸುತ್ತದೆ. ತಿಂಡಿ ಅಂಗಡಿಗಾದರೆ ಅದನ್ನೇ ಹೇಳುತ್ತಿದ್ದೆ.

ಮಲೆನಾಡ_ಮಳೆ

ಒಂದು ಸಂದೇಹ. ನಮ್ಮ ಹತ್ತಿರ ಹಳೆಯ ಅಡ್ಡ ವಿಡಿಯೊಗಳು ತುಂಬಾ ಇವೆ. ಮೇಲೆ ಕೆಳಗೆ ಅದೇ ವಿಡಿಯೊವನ್ನು ಮಸುಕು ಮಾಡಿ ತುಂಬಿಸಿ ರೀಲ್ ಮಾಡಬಹುದಾ? ಬಹಳ ಜನ ಮಾಡುತ್ತಾರಲ್ಲ.

ಜಾಹೀರಾತು_ಜಯನಗರ

ಮಾಡಬೇಡಿ. ನೋಡಿದ ಕೂಡಲೇ ಬೇರೆ ಕಡೆಯಿಂದ ಎತ್ತಿ ತಂದ ವಿಡಿಯೊ ಅನ್ನಿಸುತ್ತದೆ. ಅದರ ಬದಲು ಫ್ರೇಮ್ ಅನ್ನು ಮೂರು ಮಾಡಿ. ಮೇಲೆ ಒಂದು ಅಡ್ಡ ಶಾಟ್, ನಡುವೆ ಒಂದು, ಕೆಳಗೆ ಒಂದು. 1080 ಅಗಲಕ್ಕೆ ಒಂದೊಂದು 16:9 ಶಾಟ್ 608 ಎತ್ತರ ಬರುತ್ತದೆ, ಮೂರು ಸೇರಿದರೆ 1824. ಹೆಚ್ಚುಕಡಿಮೆ ಪೂರ್ತಿ ಫ್ರೇಮ್ ತುಂಬಿತು. ಬೆಟ್ಟ, ತೋಟ, ಮನೆ ಮೂರೂ ಒಟ್ಟಿಗೆ ಕಾಣುತ್ತವೆ. ಕೆಳಗಿನದರಲ್ಲಿ ಮಾತ್ರ ಮುಖ್ಯವಾದದ್ದು ಇಡಬೇಡಿ.

ಇಳಕಲ್ ಅಕ್ಕನವರೂ ಈಗಿರುವ ಅಡ್ಡ ವಿಡಿಯೊಗೆ ಇದನ್ನೇ ಮಾಡಬಹುದು. ಕತ್ತರಿಸಿ ಕೊಡುವುದಕ್ಕೆ ದುಡ್ಡು ಕೊಡುವ ಬದಲು ಹೀಗೆ ಜೋಡಿಸಲಿಕ್ಕೆ ಕೊಡಿ.

ಚೆಂಡೆಮದ್ದಳೆ

ಇದು ಒಳ್ಳೇದುಂಟು. ಮೇಲೆ ಭಾಗವತರು, ನಡುವೆ ವೇಷ, ಕೆಳಗೆ ಚೆಂಡೆ. ನಾಳೆಯೇ ಮಾಡಿ ನೋಡುತ್ತೇನೆ.

ಯೂಟ್ಯೂಬ್_ರೈತ

ಯೂಟ್ಯೂಬ್‌ಗೆ ಅಡ್ಡ ವಿಡಿಯೊ ಹಾಕುವಾಗ ಅಂದ ಕಾಣಲಿ ಅಂತ ಮೇಲೆ ಕೆಳಗೆ ಕಪ್ಪು ಪಟ್ಟಿ ಹಾಕಿ ಕಳಿಸಬಹುದಾ? ಸಿನಿಮಾ ಥರ ಕಾಣುತ್ತದೆ.

ಕತ್ತರಿ_ಬಸು

ಬೇಡ ಅಣ್ಣಾ. ಪಟ್ಟಿಯನ್ನು ವಿಡಿಯೊದೊಳಗೇ ಸೇರಿಸಬೇಡಿ ಅಂತ ಯೂಟ್ಯೂಬೇ ಹೇಳುತ್ತದೆ. ಪರದೆಗೆ ತಕ್ಕಂತೆ ಅದೇ ಹೊಂದಿಸಿಕೊಳ್ಳುತ್ತದೆ. ನೀವು ಹಾಕಿದ ಪಟ್ಟಿಯ ಮೇಲೆ ಅದರ ಪಟ್ಟಿಯೂ ಸೇರಿದರೆ ನಾಲ್ಕೂ ಕಡೆ ಕಪ್ಪು, ನಡುವೆ ನಿಮ್ಮ ಯಂತ್ರ.

ಇಳಕಲ್_ಸೊಸೆ

ವಾಟ್ಸಾಪ್ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ವ್ಯಾಪಾರ ಮುಗಿಯುವುದು ಅಲ್ಲೇ.

ಜಾಹೀರಾತು_ಜಯನಗರ

ಸ್ಟೇಟಸ್‌ಗೆ 9:16, ಅದು ಪೂರ್ತಿ ಪರದೆ. ಚಾಟ್‌ನಲ್ಲಿ ಕಳಿಸುವಾಗ ಎಚ್‌ಡಿ ಗುಂಡಿ ಒತ್ತಿ ಕಳಿಸಿ. ಬಣ್ಣ, ನೇಯ್ಗೆ ಕೇಳುವ ಗಿರಾಕಿಗೆ ಡಾಕ್ಯುಮೆಂಟ್ ಆಗಿ ಕಳಿಸಿದರೆ ಗುಣಮಟ್ಟ ಒಂಚೂರೂ ಕಡಿಮೆಯಾಗುವುದಿಲ್ಲ. ಫೈಲ್ ದೊಡ್ಡದಾಗುತ್ತದೆ, ಹಾಗಾಗಿ ಚಿಕ್ಕ ಕ್ಲಿಪ್ ಕಳಿಸಿ. ಟೆಕ್ಸಾಸ್ ಅಕ್ಕನವರು ತಮ್ಮ ಅಕ್ಕನಿಗೆ ಫಾರ್ವರ್ಡ್ ಮಾಡುವಾಗಲೂ ಇನ್‌ಸ್ಟಾದ ಲಿಂಕ್ ಕಳಿಸಿದರೆ ವಿಡಿಯೊ ಕಲಸುವುದಿಲ್ಲ.

ಆ್ಯಡ್ ಹಾಕುವುದಾದರೆ ಬೂಸ್ಟ್ ಗುಂಡಿ ಒತ್ತಿ ಸುಮ್ನೆ ಕೂರಬೇಡಿ. ಮೆಟಾದ ಆ್ಯಡ್ಸ್ ಮ್ಯಾನೇಜರ್‌ನಲ್ಲಿ ಒಂದೇ ಆ್ಯಡ್‌ಗೆ ಫೀಡ್‌ಗೆ ಬೇರೆ, ಸ್ಟೋರಿ ಮತ್ತು ರೀಲ್ಸ್‌ಗೆ ಬೇರೆ ವಿಡಿಯೊ ಹಾಕಬಹುದು. ಫೀಡ್‌ಗೆ 4:5, ಉಳಿದದ್ದಕ್ಕೆ 9:16. 9:16ರಿಂದ 4:5 ಮಾಡುವುದು ಸುಲಭ, ಮೇಲೆ ಕೆಳಗೆ ಸ್ವಲ್ಪ ಹೋಗುತ್ತದೆ ಅಷ್ಟೇ. ಹಾಗಾಗಿ 4:5 ಅಂತ ಬೇರೆ ಶೂಟ್ ಬೇಡ.

ಹಳೇ_ಟಾಕೀಸ್

ಮಗ್ಗದ ಶಾಟ್ ಮಾತ್ರ ಅಡ್ಡಕ್ಕೇ ತೆಗೆಸಿ ತಾಯೀ. ಲಾಳಿ ಎಡದಿಂದ ಬಲಕ್ಕೆ ಓಡುತ್ತದಲ್ಲ, ಆ ಓಟ ಕಾಣದಿದ್ದರೆ ಮಗ್ಗ ಅಂತ ಯಾಕೆ ತೋರಿಸಬೇಕು?

ಕತ್ತರಿ_ಬಸು

ಓಟಕ್ಕೆ ಅಡ್ಡ, ಒಪ್ಪಿದೆ. ಆದರೆ ಗುಂಡಿ ಮಗ್ಗವನ್ನು ಎದುರಿನಿಂದ ಸ್ವಲ್ಪ ಮೇಲಿಂದ ವರ್ಟಿಕಲ್‌ನಲ್ಲಿ ನೋಡಿದ್ದೀರಾ? ಮೇಲೆ ನೇಯುವವರ ಮುಖ, ನಡುವೆ ಕೈ ಮತ್ತು ಸೀರೆ, ಕೆಳಗೆ ಗುಂಡಿಯಲ್ಲಿ ತುಳಿಯುವ ಕಾಲು. ಇಡೀ ಮನುಷ್ಯ ಒಂದೇ ಫ್ರೇಮ್‌ನಲ್ಲಿ. ಅಡ್ಡ ಫ್ರೇಮ್‌ನಲ್ಲಿ ಮುಖ ಹಿಡಿದರೆ ಕಾಲು ಹೋಗುತ್ತದೆ, ಇಲ್ಲವೇ ಬಹಳ ಹಿಂದೆ ಹೋಗಬೇಕು. ಮಗ್ಗದ ಕೋಣೆಯಲ್ಲಿ ಹಿಂದೆ ಹೋಗಲಿಕ್ಕೆ ಜಾಗ ಎಲ್ಲಿರುತ್ತದೆ?

ಹಳೇ_ಟಾಕೀಸ್

ಅದು ಸರಿ. ಎರಡೂ ತೆಗೆಸಿ.

ಇಳಕಲ್_ಸೊಸೆ

ಎಲ್ಲರಿಗೂ ಧನ್ಯವಾದ. ಇಲ್ಲಿ ಓದಿದ್ದನ್ನೆಲ್ಲ ಸೇರಿಸಿ ಶೂಟ್‌ಗೆ ಒಂದು ಹಾಳೆ ಬರೆದಿದ್ದೇನೆ. ನೋಡಿ ಹೇಳಿ. ಉಟ್ಟು ತೋರಿಸುವುದು, ಇಳಿಬಿಟ್ಟ ಸೆರಗು, ಕೊಂಡಿ ಮತ್ತು ಕಸೂತಿ ಹತ್ತಿರದಿಂದ, ನೇಯುವವರು ಮುಖದಿಂದ ಕಾಲಿನವರೆಗೆ, ಇವೆಲ್ಲ ಫೋನ್‌ನಲ್ಲಿ 9:16. ಲಾಳಿ ಓಟ, ಮಾವನವರ ಮಾತು, ಅಂಗಡಿಯ ಒಳಗೆ ತಿರುಗಾಟ, ಇವು ದೊಡ್ಡ ಕ್ಯಾಮೆರಾದಲ್ಲಿ 4K 16:9, ಯೂಟ್ಯೂಬ್‌ಗೂ ಅಂಗಡಿ ಟಿವಿಗೂ. ಮಾವನವರ ಮಾತಿನಿಂದ ರೀಲ್ಸ್ ತುಂಡು ತೆಗೆಯಬೇಕಾಗಬಹುದು, ಹಾಗಾಗಿ ಅವರನ್ನು ಫ್ರೇಮ್ ನಡುವೆ ಕೂರಿಸಬೇಕು. ಕೊನೆಯ ಶಾಟ್‌ನಲ್ಲಿ ಮಡಿಸಿದ ಸೀರೆ, ಅದರ ಕೆಳಗೆ ಬೆಲೆ ಮತ್ತು ವಾಟ್ಸಾಪ್ ನಂಬರ್.

ಜಾಹೀರಾತು_ಜಯನಗರ

ಕೊನೆಯ ಶಾಟ್ ಬದಲಾಯಿಸಿ. ಸೀರೆ ಕೆಳಗೆ, ಬೆಲೆ ಮತ್ತು ನಂಬರ್ ಮೇಲೆ. ನೀವು ಬರೆದ ಹಾಗೆ ಮಾಡಿದರೆ ನಂಬರ್ ಮೇಲೆಯೇ ಇನ್‌ಸ್ಟಾದ ಬರಹ ಬರುತ್ತದೆ. ಉಳಿದದ್ದೆಲ್ಲ ಸರಿ.

ಕತ್ತರಿ_ಬಸು

ಮಾವನವರನ್ನು ನಡುವೆ ಕೂರಿಸಿ, ಆದರೆ ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಬೇಡಿ. ಇಬ್ಬರಿದ್ದರೆ ವರ್ಟಿಕಲ್ ತುಂಡಿನಲ್ಲಿ ಇಬ್ಬರದೂ ಅರ್ಧರ್ಧ ಮುಖ ಬರುತ್ತದೆ. ಮತ್ತೆ ದುಡ್ಡು ಕೊಡುವ ಮುಂಚೆ ಈ ಹಾಳೆಯನ್ನೇ ವಿಡಿಯೊಗ್ರಾಫರ್‌ಗೆ ಕಳಿಸಿ, ಯಾವ ಶಾಟ್ ಯಾವ ಸೈಜ್‌ನಲ್ಲಿ ಕೊಡುತ್ತೇನೆ ಅಂತ ಬರೆಸಿಕೊಳ್ಳಿ.

ಇಳಕಲ್_ಸೊಸೆ

ಆಗಲಿ ಅಣ್ಣಾ, ಇವತ್ತೇ ಕಳಿಸುತ್ತೇನೆ. ನಂಬರ್ ಮೇಲಕ್ಕೆ ಹಾಕಿದೆ.

ಸೀರೆಪ್ರಿಯೆ_ಟೆಕ್ಸಾಸ್

ಕೊಂಡಿಯ ರೀಲ್ ಬಂದ ಕೂಡಲೇ ಲಿಂಕ್ ಇಲ್ಲೇ ಹಾಕಿ. ಚಿಕ್ಕಿ ಪರಸ್ ದಡಿ, ಕೆಂಪು ಸೆರಗಿನದು ಇದ್ದರೆ ಒಂದು ನನಗೆ ಎತ್ತಿಡಿ.